ಮೂತಿ ತಿರುಗಿದ ಟೀಪಾಟ್‌ಗಳು

ಜನವರಿ 9

ಪ್ರೀತಿಯ ಅತ್ತಿಗೆಗೆ,

ಫೋನ್ ಮಾಡೋಣ ಅಂದುಕೊಂಡೆ. ಆದರೆ ಫೋನನ್ನು ನೀವು ಎತ್ತದೇ ಇರಬಹುದು. ಪತ್ರವಾದರೆ ಹರಿದು ಬಿಸಾಡುವುದಕ್ಕಾದರೂ ಒಮ್ಮೆ ಕೈಗೆತ್ತಿಕೊಳ್ಳಬೇಕು, ಕೈಗೆತ್ತಿಕೊಂಡ ಮೇಲೆ ಓದದೆ ಬಿಡುವವರಲ್ಲ ನೀವು.

ಮೊದಲು ಕಳ್ಳತನದ ವಿಷಯ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಅಣ್ಣನನ್ನೂ ಈ ಮನೆಯನ್ನೂ ಬಿಟ್ಟು ಹೋಗುವಾಗ ಹಿತ್ತಲಿನ ಶೆಡ್ಡಿನಲ್ಲಿ ನೀವು ಬಿಟ್ಟುಹೋದ ಮಡಕೆ ಮಾಡುವ ಮೋಟಾರಿನ ತಿಗರಿಯನ್ನು ನಾನು ಬಳಸುತ್ತಿದ್ದೇನೆ. ಸುಮ್ಮನೆ ಮಣ್ಣು ಮೆತ್ತಿಕೊಂಡು ಕೂತಿರುವುದೂ ಅಲ್ಲ, ವ್ಯಾಪಾರ ಮಾಡುತ್ತಿದ್ದೇನೆ! ಮೊದಲು ಪಕ್ಕದ ಮನೆಯವರು ಲೋಟ ಕೇಳಿದರು. ಆಮೇಲೆ ಅವರ ಅಕ್ಕ, ಅಕ್ಕನ ಆಫೀಸಿನವರು. ಈಗ ಬೀದಿ ಕಡೆಯ ಕಿಟಕಿಯಲ್ಲಿ ಹಲಗೆ ಹಾಕಿ ಬಟ್ಟಲು, ಲೋಟ, ಗಿಡದ ಕುಂಡ ಜೋಡಿಸಿದ್ದೇನೆ. ಕಿಟಕಿಗೆ ಅಮ್ಮನೇ ಮಾಲೀಕಳು. ಮುಖ ಸರಿ ಕಾಣದ ಗಿರಾಕಿಗೆ "ಅದು ಮಾರಾಟಕ್ಕಿಲ್ಲ" ಅಂದುಬಿಡುತ್ತಾಳೆ. ಹೀಗಾದರೆ ಹೇಗಮ್ಮಾ ಅಂದರೆ, "ನಾನು ನೋಡಿ ಕೊಟ್ಟ ಮನೇಲಿ ಒಂದು ಲೋಟಾನೂ ಒಡೆದಿಲ್ಲ, ಕೇಳಿ ನೋಡು" ಅನ್ನುತ್ತಾಳೆ.

ಈಗ ಅಸಲು ವಿಷಯ. ದೊಡ್ಡ ರಸ್ತೆಯಲ್ಲಿ ಒಬ್ಬರು ಟೀ ಅಂಗಡಿ ತೆರೆಯುತ್ತಿದ್ದಾರೆ. ಸೌಮ್ಯ ಸ್ವಭಾವದ ಹೆಂಗಸು, ಆದರೆ ಕಣ್ಣು ಬಹಳ ಚುರುಕು. ಪ್ರತಿ ಮೇಜಿಗೂ ಮಣ್ಣಿನ ಟೀಪಾಟ್ ಬೇಕಂತೆ, ಏಪ್ರಿಲ್ ಹೊತ್ತಿಗೆ. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಮಾಡಲು ಕೂತೆ. ಹಸಿಯಲ್ಲಿ ಮೂತಿ ನೆಟ್ಟಗಿರುತ್ತದೆ, ನೂಲು ಹಿಡಿದು ನೋಡಿದರೂ ನೆಟ್ಟಗೆ. ಭಟ್ಟಿಯಿಂದ ತೆಗೆದರೆ ಎಲ್ಲವೂ ಮುನಿಸಿಕೊಂಡವರ ಹಾಗೆ ಮೂತಿ ಸೊಟ್ಟ ಮಾಡಿಕೊಂಡು ಕೂತಿರುತ್ತವೆ. ಟೀ ಲೋಟಕ್ಕೆ ಬೀಳದೆ ಮೇಜಿಗೆ ಬೀಳುತ್ತದೆ. ಬೆಂಕಿಯೊಳಗೆ ಅದನ್ನು ತಿರುಗಿಸುವವರು ಯಾರು? ಯಾಕೆ ತಿರುಗುತ್ತದೆ? ಕೇಳಲು ನಿಮ್ಮನ್ನು ಬಿಟ್ಟರೆ ನನಗೆ ಯಾರಿದ್ದಾರೆ?

ಇನ್ನೊಂದು ಪ್ರಶ್ನೆ. ತಿಗರಿ ನಿಮ್ಮದು. ನಾನು ಇಟ್ಟುಕೊಳ್ಳಬಹುದೇ, ಅಥವಾ ನಿಮಗೆ ಬೇಕೇ? ಅದೊಂದು ಇಲ್ಲದಿದ್ದರೆ ನನ್ನ ವ್ಯಾಪಾರವೂ ಇಲ್ಲ. ಅದಕ್ಕೇ ಕೇಳಲು ಹೆದರಿಕೆ, ಕೇಳದೆ ಇರಲೂ ಹೆದರಿಕೆ.

ನಿಮ್ಮ ನಾದಿನಿ
(ಹೀಗೆ ಬರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ ತಿಳಿಯದು. ಬೇರೆ ಪದ ಸಿಗಲಿಲ್ಲ.)


ಜನವರಿ 24

ಟೀಪಾಟ್ ವ್ಯಾಪಾರದವರಿಗೆ,

ಪತ್ರ ತಲುಪಿತು. ಹರಿಯಲಿಲ್ಲ.

ಮಣ್ಣಿಗೆ ನೆನಪು ಜಾಸ್ತಿ. ತಿಗರಿಯ ಮೇಲೆ ಮೂತಿಯ ಕೊಳವೆಯನ್ನು ಎತ್ತುವಾಗ ನಿನ್ನ ಬೆರಳು ಅದನ್ನು ಹಿಂಡಿ ತಿರುಚುತ್ತದೆ. ನಿನಗೆ ಕಾಣುವುದಿಲ್ಲ, ಮಣ್ಣು ಮರೆಯುವುದಿಲ್ಲ. ಒಣಗುವಾಗ ಸುಮ್ಮನಿದ್ದು ಬೆಂಕಿಗೆ ಹೋದ ಮೇಲೆ ಆ ತಿರುಚು ಬಿಚ್ಚಿಕೊಳ್ಳುತ್ತದೆ. ಸಣ್ಣ ಕೊಳವೆಯಾದ್ದರಿಂದ ಮೂತಿಯಲ್ಲೇ ಎದ್ದು ಕಾಣುತ್ತದೆ. ಇದು ಎಲ್ಲ ಕುಂಬಾರರ ಪಾಡು, ನಿನ್ನೊಬ್ಬಳದಲ್ಲ.

ಯಾವ ಕಡೆಗೆ ತಿರುಗುತ್ತದೆ ಅಂತ ನೀನು ಬರೆದಿಲ್ಲ. ಬರೆಯಬೇಕಾಗಿಯೂ ಇಲ್ಲ, ಬಲಕ್ಕೇ. ಆದ್ದರಿಂದ ಮೂತಿಯ ತುದಿ ಕತ್ತರಿಸುವಾಗ ನೇರ ಕತ್ತರಿಸಬೇಡ. ಎಡಕ್ಕೆ ಸ್ವಲ್ಪ ಓರೆಯಾಗಿ ಕತ್ತರಿಸು. ಹಸಿಯಲ್ಲಿ ಸೊಟ್ಟ ಕಾಣುತ್ತದೆ, ಧೈರ್ಯವಾಗಿ ಬಿಡು. ಬೆಂಕಿ ನೆಟ್ಟಗೆ ಮಾಡುತ್ತದೆ.

ನಾನೀಗ ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಕಟ್ಟುಹಲ್ಲಿಗೆ ಅಚ್ಚು ಮಾಡುವ ಕೆಲಸದಲ್ಲಿದ್ದೇನೆ. ದಿನವಿಡೀ ಪ್ಲಾಸ್ಟರು. ಅದಕ್ಕೆ ನೆನಪೇ ಇಲ್ಲ, ಹೇಳಿದ ಹಾಗೆ ಗಟ್ಟಿಯಾಗಿ ಕೂರುತ್ತದೆ. ಆರಾಮ.

ಅಮ್ಮನಿಗೆ ನಮಸ್ಕಾರ ತಿಳಿಸು.

ಇತಿ,
ಕಟ್ಟುಹಲ್ಲಿನವಳು


ಫೆಬ್ರವರಿ 3

ಪ್ರೀತಿಯ ಅತ್ತಿಗೆಗೆ,

ನಿಮ್ಮ ಪತ್ರ ಬಂದಾಗಿನಿಂದ ನನಗೆ ಬೇರೆ ಯೋಚನೆಯೇ ಇಲ್ಲ. ಮಣ್ಣಿಗೆ ನೆನಪು ಎಷ್ಟು ದಿನ ಇರುತ್ತದೆ? ಸುಡುವ ಮೊದಲು ನೀರಲ್ಲಿ ಹಾಕಿ ಕರಗಿಸಿ ಮತ್ತೆ ಮಿದ್ದಿದರೆ ಮರೆಯುತ್ತದೆಯೇ? ಅಚ್ಚಿನಲ್ಲಿ ಒತ್ತಿ ಮಾಡಿದ ಮೂತಿಗೆ ನೆನಪಿರುವುದಿಲ್ಲವೇ? ಅಮ್ಮನ ಮುಂದೆ ಹೇಳಿದೆ. "ಇಷ್ಟು ದಿನ ಮನುಷ್ಯರ ನೆನಪಿನ ಕಾಟ ಸಾಕಾಗಿತ್ತು, ಈಗ ಮಣ್ಣಿಂದೂ ಶುರುವಾಯ್ತಾ" ಅಂದಳು. ನಿಮ್ಮ ನಮಸ್ಕಾರ ಹೇಳಿದೆ. ನನ್ನ ಕೈಯಿಂದ ಪತ್ರವನ್ನು ಇಸಕೊಂಡು, ಕನ್ನಡಕ ಹುಡುಕಿ, ಎರಡು ಸಲ ಓದಿದಳು.

ಹಳೆಯ ಸೊಟ್ಟ ಟೀಪಾಟ್‌ಗಳನ್ನೆಲ್ಲ ನಾಚಿಕೆಯಿಂದ ಒಡೆದು ಹಿತ್ತಲ ಗುಂಡಿಗೆ ಹಾಕಿಬಿಟ್ಟಿದ್ದೆ. ಅವು ಬಲಕ್ಕೆ ತಿರುಗಿದ್ದವೋ ಎಡಕ್ಕೋ ಆಗ ಗಮನಿಸಲಿಲ್ಲ, ಈಗ ನೋಡಲು ಒಂದೂ ಉಳಿದಿಲ್ಲ. ಇರಲಿ, ನೀವು ಬಲ ಅಂದ ಮೇಲೆ ಬಲವೇ. ಎಲ್ಲ ಮೂತಿಗಳನ್ನೂ ಎಡಕ್ಕೆ ಓರೆಯಾಗಿ ಕತ್ತರಿಸಿದ್ದೇನೆ. ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದಾಗ ಅಂಚೆಯವನು ನೋಡಿ, "ಇವುಗಳಿಗೆಲ್ಲ ಕತ್ತು ಉಳುಕಿದೆಯಾ?" ಅಂದ. ಬೆಂಕಿ ವೈದ್ಯ ಮಾಡುತ್ತಪ್ಪಾ, ನೋಡ್ತಿರು ಅಂದೆ. ಈಗ ನೆರಳಲ್ಲಿ ಒಣಗುತ್ತಿವೆ.

ಅಣ್ಣ ಈಗ ಇಲ್ಲಿರುವುದಿಲ್ಲ. ಸುಟ್ಟ ಮೋಟಾರಿಗೆ ತಂತಿ ಸುತ್ತುವ ತನ್ನ ಅಂಗಡಿಯ ಮೇಲಿನ ಕೋಣೆಯಲ್ಲೇ ಇದ್ದಾನೆ, ರಜೆಯ ದಿನ ಊಟಕ್ಕೆ ಬರುತ್ತಾನೆ. ಶೆಡ್ಡಿನ ಕಡೆ ತಲೆ ಹಾಕುವುದಿಲ್ಲ. ನೀವು ಕೇಳಲಿಲ್ಲ, ಆದರೂ ಬರೆದೆ.

ತಿಗರಿಯ ಪ್ರಶ್ನೆಗೆ ನೀವು ಉತ್ತರ ಬರೆದಿಲ್ಲ.

ನಿಮ್ಮ ನಾದಿನಿ


ಮಾರ್ಚ್ 2

ಅತ್ತಿಗೆಗೆ,

ಭಟ್ಟಿ ತೆರೆದೆ. ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಟ್ಟೆ. ಒಂದೂ ನೆಟ್ಟಗಿಲ್ಲ. ಮೊದಲಿಗಿಂತ ಹೆಚ್ಚು ಸೊಟ್ಟ. ಮೊದಲು ಮುನಿಸಿಕೊಂಡಿದ್ದವು, ಈಗ ಪೂರ್ತಿ ಬೆನ್ನು ತಿರುಗಿಸಿ ಕೂತಿವೆ. ಮೆರುಗು ಮಾತ್ರ ಎಂದೂ ಬಾರದಷ್ಟು ಚೆನ್ನಾಗಿ ಬಂದಿದೆ, ಅದನ್ನು ನೋಡಿದರೆ ಇನ್ನೂ ಸಂಕಟವಾಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನನಗೆ ದೊಣ್ಣೆಯೂ ಬೇಕಾಗಲಿಲ್ಲ, ಒಂದು ಸಲಹೆ ಸಾಕಾಯಿತು.

ಟೀ ಅಂಗಡಿಯವರು ನೋಡಲು ಬಂದಿದ್ದರು. ಒಂದನ್ನು ಎತ್ತಿ ನೀರು ಬಗ್ಗಿಸಿದರು. ನೀರು ಅವರ ಸೀರೆಯ ಮೇಲೆ ಬಿತ್ತು. ಬೈಯಲಿಲ್ಲ. "ಏಪ್ರಿಲ್ ಮಧ್ಯಕ್ಕೆ ಬಾಗಿಲು ತೆಗೀತೀನಿ. ಅಷ್ಟರಲ್ಲಿ ಆಗದಿದ್ರೆ ಪಿಂಗಾಣಿ ತರಿಸ್ಕೋತೀನಿ, ಬೇಜಾರು ಮಾಡ್ಕೋಬೇಡಮ್ಮಾ" ಅಂದರು. ಅವರು ಹೋದ ಮೇಲೆ ಅಮ್ಮ ಕಿಟಕಿ ಮುಚ್ಚಿದಳು. ಹಗಲು ಹೊತ್ತಲ್ಲಿ ಅವಳು ಆ ಕಿಟಕಿ ಮುಚ್ಚಿದ್ದು ಇದೇ ಮೊದಲು.

ಬರೆಯಬಾರದು ಅಂದುಕೊಂಡಿದ್ದನ್ನು ಬರೆಯುತ್ತೇನೆ. ಇಷ್ಟು ವರ್ಷ ಮಣ್ಣಿನಲ್ಲಿ ಕೈ ಆಡಿಸಿದ ನಿಮಗೆ ಎಡ ಬಲ ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಇಲ್ಲಿ ಕೋಪ ಯಾರ ಮೇಲೆ ಅಂತ ನಾನು ಕೇಳುವುದಿಲ್ಲ. ಆದರೆ ಕೊತ್ತಿ ಮಾತ್ರ ನಾನೇ. ತಿಗರಿ ಬೇಕಿದ್ದರೆ ನೇರವಾಗಿ ಕೇಳಬಹುದಿತ್ತು ಅತ್ತಿಗೆ. ಕೊಟ್ಟುಬಿಡುತ್ತಿದ್ದೆ.

ನಾನು


ಮಾರ್ಚ್ 8

ಮೂತಿ ತಿರುಗಿರುವುದು ಯಾವ ಕಡೆಗೆ? ಟೀಪಾಟಿನ ಹಿಡಿ ನಿನ್ನ ಹೊಟ್ಟೆಯ ಕಡೆ ಇಟ್ಟುಕೊಂಡು ನೋಡಿ ಬರೆ.

ಕೂತು ಕೆಲಸ ಮಾಡುವಾಗ ತಿಗರಿ ಯಾವ ಕಡೆಗೆ ತಿರುಗುತ್ತದೆ, ಅದನ್ನೂ ಬರೆ.

ಮಿಕ್ಕ ಮಾತು ಆಮೇಲೆ.

ಅತ್ತಿಗೆ


ಮಾರ್ಚ್ 13

ಅತ್ತಿಗೆಗೆ,

ಎಡಕ್ಕೆ. ಎಲ್ಲವೂ ಎಡಕ್ಕೆ.

ತಿಗರಿ ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗುತ್ತದೆ. ಇನ್ನು ಯಾವ ಕಡೆಗೆ ತಿರುಗಬೇಕಿತ್ತು? ನೀವು ಕಲಿಸುವಾಗ ಹೇಗೆ ತಿರುಗುತ್ತಿತ್ತೋ ಹಾಗೇ ತಿರುಗುತ್ತಿದೆ. ಯಾಕೆ ಕೇಳುತ್ತಿದ್ದೀರಿ?

ಕೋಪ ಇನ್ನೂ ಇಳಿದಿಲ್ಲ. ಆದರೆ ನಿಮ್ಮ ಪ್ರಶ್ನೆ ಓದಿದ ಮೇಲೆ ಅದು ತನ್ನ ಪಾಡಿಗೆ ಮೂಲೆಯಲ್ಲಿ ಕೂತಿದೆ. ನಾನು ಹೋಗಿ ತಿಗರಿಯ ಮುಂದೆ ಕೂತು, ಅದು ತಿರುಗುವುದನ್ನೇ ನೋಡುತ್ತಿದ್ದೆ. ಅಮ್ಮ ಬಂದು "ಮಣ್ಣಿಲ್ದೆ ಏನು ಮಾಡ್ತಿದ್ದೀಯೇ?" ಅಂದಳು. ನನಗೂ ಗೊತ್ತಿಲ್ಲ ಅಂದೆ.

ಬೇಗ ಬರೆಯಿರಿ.

ನಾದಿನಿ


ಮಾರ್ಚ್ 20

ಯಾಕಮ್ಮಾ,

ನಿನ್ನನ್ನು ಈ ಅಡ್ಡಹೆಸರಲ್ಲಿ ಕರೆದು ಎರಡು ವರ್ಷವಾಯಿತು. ಊಟಕ್ಕೆ ಕೂತರೂ ಯಾಕೆ, ನಿದ್ದೆಗೆ ಬಿದ್ದರೂ ಯಾಕೆ. ಅಷ್ಟೆಲ್ಲ ಕೇಳಿದವಳು ಈ ಒಂದನ್ನು ಮಾತ್ರ ಕೇಳಲಿಲ್ಲವಲ್ಲ!

ತಿಗರಿ ಎಲ್ಲರ ಮನೆಯಲ್ಲೂ ಹಾಗೆ ತಿರುಗುವುದಿಲ್ಲ. ಬಲಗೈಯವರಿಗೆ ಅದು ಗಡಿಯಾರಕ್ಕೆ ಎದುರಾಗಿ ತಿರುಗಬೇಕು. ನಾನು ಎಡಗೈಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಅದರ ಮುಂದೆ ಕೂತು ಒಂದು ಬಟ್ಟಲು ಎತ್ತಲಾಗದೆ ಅಳುತ್ತಿದ್ದೆ. ನಿನ್ನ ಅಣ್ಣ ನಾಲ್ಕು ದಿನ ಸುಮ್ಮನೆ ನೋಡಿದ. ಐದನೇ ದಿನ ಅಂಗಡಿಯಿಂದ ಬರುವಾಗ ಒಂದು ಸ್ವಿಚ್ಚು ತಂದು, ಮೋಟಾರಿನ ತಂತಿ ಬಿಚ್ಚಿ, ಪೆಟ್ಟಿಗೆಯ ಹಿಂದೆ ಗೋಡೆಯ ಕಡೆ ಕೂರಿಸಿದ. ಮೇಲೆ ಮಾಡಿದರೆ ಎಲ್ಲರ ದಿಕ್ಕು, ಕೆಳಗೆ ಮಾಡಿದರೆ ನನ್ನ ದಿಕ್ಕು. "ಕೈ ಬದಲಾಯಿಸ್ಕೋ ಅಂತ ಎಲ್ರೂ ಹೇಳ್ತಾರೆ, ಮೋಟಾರು ಬದಲಾಯಿಸೋದು ಸುಲಭ" ಅಂದ. ಆಗ ಅವನು ಹಾಗಿದ್ದ.

ನೀನು ಕಲಿಯಲು ಬಂದು ಕೂತಾಗ ತಿಗರಿ ನನ್ನ ದಿಕ್ಕಿಗೇ ಇತ್ತು. ಆಟಕ್ಕೆ ಬರುವ ಹುಡುಗಿ, ನಾಲ್ಕು ದಿನ ಮೆತ್ತಿ ಹೋಗುತ್ತಾಳೆ ಅಂದುಕೊಂಡಿದ್ದೆ. ನೀನು ಬಲಗೈಯವಳಾಗಿ ಎಡಗೈಯವಳ ಚಕ್ರದ ಮೇಲೆ ಬಟ್ಟಲು ಎತ್ತುತ್ತಿದ್ದೀಯ ಅಂತ ನನಗೂ ಹೊಳೆಯಲಿಲ್ಲ. ಇನ್ನು, ನಾನು ಹೊರಟ ದಿನವೇ ಯಾರಾದರೂ ಆ ಸ್ವಿಚ್ಚನ್ನು ಮೇಲೆ ಮಾಡಿರುತ್ತಾರೆ ಅಂತ ನನಗೆ ಖಾತ್ರಿಯಿತ್ತು. ಎಲ್ಲರ ದಿಕ್ಕಿನ ತಿಗರಿಯಲ್ಲಿ ಮೂತಿ ಬಲಕ್ಕೆ ತಿರುಗುತ್ತದೆ, ನನ್ನ ದಿಕ್ಕಿನದರಲ್ಲಿ ಎಡಕ್ಕೆ. ಅದಕ್ಕೇ ಬಲಕ್ಕೆ ಅಂತ ಧೈರ್ಯವಾಗಿ ಬರೆದೆ. ಆ ಮನೆಯಲ್ಲಿ ಎರಡು ವರ್ಷದಿಂದ ಚಕ್ರ ನನ್ನ ದಿಕ್ಕಿಗೇ ತಿರುಗುತ್ತಿದೆ ಅಂತ ನಾನು ಕನಸಲ್ಲೂ ಅಂದುಕೊಂಡಿರಲಿಲ್ಲ. ನಿನ್ನ ಪತ್ರವನ್ನು ಲ್ಯಾಬಿನಲ್ಲೇ ಓದಿದೆ. ಕಲಸಿಟ್ಟ ಪ್ಲಾಸ್ಟರು ಬಟ್ಟಲಲ್ಲೇ ಕಲ್ಲಾಯಿತು, ಡಾಕ್ಟರು ಬೈದರು.

ಈಗ ಕೇಳು. ತುದಿಯನ್ನು ಬಲಕ್ಕೆ ಓರೆ ಕತ್ತರಿಸು. ನೇರ ಕತ್ತರಿಸಿದಾಗ ಎಷ್ಟು ತಿರುಗುತ್ತಿತ್ತೋ ಅಷ್ಟೇ ಓರೆ, ಹೆಚ್ಚು ಬೇಡ. ಮೊದಲು ಒಂದೇ ಒಂದನ್ನು ಸುಟ್ಟು ನೋಡು. ಮೇಷ್ಟ್ರು ಹೇಳಿದರು ಅಂತ ಒಂದು ಭಟ್ಟಿ ಪೂರ್ತಿ ತುಂಬಬೇಡ.

ಕೊತ್ತಿಯ ಮೇಲೆ ನನಗೆ ಯಾವತ್ತೂ ಕೋಪ ಇರಲಿಲ್ಲ.

ನಿನ್ನ ಅತ್ತಿಗೆ


ಏಪ್ರಿಲ್ 14

ಪ್ರೀತಿಯ ಅತ್ತಿಗೆಗೆ,

ನೆಟ್ಟಗೆ! ಎಲ್ಲವೂ ನೆಟ್ಟಗೆ! ಒಂದೆರಡು ಸ್ವಲ್ಪ ಜಂಬದಿಂದ ತಲೆ ಎತ್ತಿವೆ, ಅವನ್ನು ಅಮ್ಮ ಮನೆಗೆ ಇಟ್ಟುಕೊಂಡಳು. ಮಿಕ್ಕವು ನಿನ್ನೆ ಟೀ ಅಂಗಡಿಗೆ ಹೋದವು. ಆ ಹೆಂಗಸು ಈ ಸಲ ಒಂದಡಿ ಹಿಂದೆ ನಿಂತು ಬಗ್ಗಿಸಿದರು. ಟೀ ಸೀದಾ ಲೋಟಕ್ಕೆ ಬಿತ್ತು. ಇಬ್ಬರೂ ಜೋರಾಗಿ ನಕ್ಕೆವು. ಇನ್ನೊಂದು ಸೆಟ್ಟು ಬೇಕಂತೆ, ಮುಂಗಡವನ್ನೂ ಕೈಗೇ ಕೊಟ್ಟರು.

ನಾನು ಬರೆದ ಮಾತಿಗೆ ಕ್ಷಮಿಸಿ ಅಂತ ಬರೆದರೆ ಸಣ್ಣದಾಗುತ್ತದೆ. ಆ ಪತ್ರವನ್ನು ಮಾತ್ರ ಹರಿದುಹಾಕಿ.

ಸ್ವಿಚ್ಚನ್ನು ಹುಡುಕಿದೆ. ಗೋಡೆಗೂ ಪೆಟ್ಟಿಗೆಗೂ ಮಧ್ಯೆ ಕೈ ತೂರಿಸಿದರೆ ಬೆರಳಿಗೆ ಸಿಕ್ಕಿತು. ಮೇಲೆ ಮಾಡಿ ಕೂತೆ. ಅಯ್ಯೋ, ಮಣ್ಣು ನನ್ನ ಮೇಲೇ ಯುದ್ಧಕ್ಕೆ ಬಂತು! ನಡೆಯಲು ಬರುವವಳಿಗೆ ಹಿಂದೆ ಹಿಂದೆ ನಡೆ ಅಂದ ಹಾಗಾಯಿತು. ಸರಿಯಾದ ದಿಕ್ಕು ಅಂತ ಒಂದಿದ್ದರೆ ಇದು ಯಾಕೆ ತಪ್ಪು ಅನ್ನಿಸಬೇಕು? ಕೈಗೂ ಮಣ್ಣಿನ ಹಾಗೆ ನೆನಪಿರುತ್ತದೆಯೇ?

ರಜೆಯ ದಿನ ಅಣ್ಣ ಬಂದಾಗ ತಟ್ಟೆ ಹಾಕುತ್ತಾ ಕೇಳಿದೆ.

"ತಿಗರಿ ಹಿಂದೆ ಒಂದು ಸ್ವಿಚ್ಚು ಇದೆಯಂತಲ್ಲ, ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು. ನಾನೇ ಹಾಕಿದ್ದು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ? ಇಷ್ಟು ದಿನ ಉಲ್ಟಾ ತಿರುಗ್ತಿತ್ತು!"

"ಉಲ್ಟಾ ಅಲ್ಲ ಅದು. ಅವಳ ದಿಕ್ಕು." ಅನ್ನಕ್ಕೆ ಸಾರು ಹಾಕಿಕೊಂಡು ಕಲಸಿದ. ಆಮೇಲೆ, "ಅವಳು ಕೆಳಗೆ ಮಾಡಿ ಇಟ್ಟು ಹೋಗಿದ್ಳು. ಅದನ್ನ ಮೇಲೆ ಮಾಡೋಕೆ ನಾನ್ಯಾರು?" ಅಂದ.

ಅಮ್ಮ ಎದ್ದು ಒಳಗೆ ಹೋದಳು. ಇದನ್ನು ನಿಮಗೆ ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ. ನಾನು ಯಾಕಮ್ಮ, ಬಾಯಿ ಕಟ್ಟಿಕೊಂಡು ಕೂರಲು ನನಗೆ ಬರುವುದಿಲ್ಲ.

ಮೂರನೇ ಸಲ ಕೇಳುತ್ತಿದ್ದೇನೆ. ತಿಗರಿ ನಿಮಗೆ ಬೇಕೇ?

ನಿಮ್ಮ ನಾದಿನಿ


ಏಪ್ರಿಲ್ 29

ಯಾಕಮ್ಮಾ,

ನೀನು ಕೇಳುತ್ತಲೇ ಇದ್ದೆ, ನಾನು ಜಾರಿಕೊಳ್ಳುತ್ತಲೇ ಇದ್ದೆ. ಇಟ್ಟುಕೋ ತಾಯಿ, ನನಗೆ ಯಾಕೆ ಅಂತ ಬರೆಯಲು ಕೂತೆ. ಬರೆದೆ ಕೂಡ. ಲಕೋಟೆಗೆ ಹಾಕಿ, ಅಂಟಿಸಿ, ಮತ್ತೆ ಹರಿದೆ.

ನನಗೆ ಅದು ಬೇಕು.

ನಿನ್ನ ವ್ಯಾಪಾರ ಅದರ ಮೇಲೇ ನಿಂತಿದೆ ಅಂತ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ. ನಿನ್ನ ಪ್ರಶ್ನೆಗಳು ಬರತೊಡಗಿದ ಮೇಲೆ ನನಗೆ ಹಲ್ಲಿನ ಅಚ್ಚಿನಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಮೊನ್ನೆ ಮಿಕ್ಕ ಪ್ಲಾಸ್ಟರಿನಲ್ಲಿ ಸಣ್ಣ ಬಟ್ಟಲು ಮಾಡಿದೆ. ಬಟ್ಟಲೇನೋ ಚೆನ್ನಾಗಿಯೇ ಬಂತು, ಆದರೆ ಏನೂ ಅನ್ನಿಸಲಿಲ್ಲ. ಕೈಗೆ ಮಣ್ಣು ಬೇಕು ಅನ್ನಿಸಿತು. ನೆನಪಿಲ್ಲದ ಕೆಲಸ ಆರಾಮ ಅಂತ ಬರೆದಿದ್ದೆನಲ್ಲ, ಸುಳ್ಳು.

ನಿನ್ನ ಎರಡನೇ ಸೆಟ್ಟು ಮುಗಿಯುವವರೆಗೆ ಅಲ್ಲೇ ಇರಲಿ. ಆಮೇಲೆ ಯಾವುದಾದರೂ ಲಾರಿಯಲ್ಲಿ ಹಾಕಿ ಕಳಿಸು. ಬಾಡಿಗೆ ನಾನು ಕೊಡುತ್ತೇನೆ. ಬೈಯಬೇಕು ಅನ್ನಿಸಿದರೆ ಬೈದು ಬರೆ, ಓದುತ್ತೇನೆ.

ಇನ್ನೊಂದು ಮಾತು ಬರೆದಿದ್ದೆಯಲ್ಲ, ಊಟದ ಹೊತ್ತಿನದು. ಅದನ್ನು ಓದಿದೆ.

ಅತ್ತಿಗೆ


ಜೂನ್ 6

ಪ್ರೀತಿಯ ಅತ್ತಿಗೆಗೆ,

ನಿಮ್ಮ ಪತ್ರ ಓದಿ ಮೊದಲು ಅಳು ಬಂತು. ಬೇಡ ಅನ್ನುತ್ತೀರಿ ಅಂತ ಒಳಗೊಳಗೇ ನಂಬಿಕೊಂಡಿದ್ದೆ. ಮಾರನೆಯ ದಿನ ಮತ್ತೆ ಓದಿದೆ, ಆಗ ಖುಷಿಯಾಯಿತು. ಇಷ್ಟು ವರ್ಷದಲ್ಲಿ ನೀವು 'ನನಗೆ ಬೇಕು' ಅಂದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಎರಡನೇ ಸೆಟ್ಟು ಮುಗಿಯಿತು. ಮುಚ್ಚಿಹೋದ ಶಾಲೆಯೊಂದರ ಚಿತ್ರಕಲೆಯ ಕೋಣೆಯಲ್ಲಿ ಒಂದು ಹಳೆಯ ತಿಗರಿ ಇದೆ ಅಂತ ಟೀ ಅಂಗಡಿಯವರೇ ಪತ್ತೆ ಮಾಡಿ ಹೇಳಿದರು. ಕೊಂಡುಬಿಟ್ಟೆ. ಅದು ಎಲ್ಲರ ದಿಕ್ಕಿಗೆ ತಿರುಗುತ್ತದೆ. ಸ್ವಿಚ್ಚು ಹಾಕಿಕೊಡಲಾ ಅಂತ ಅಣ್ಣ ಕೇಳಿದ. ಬೇಡ ಅಂದೆ. ನಿಮ್ಮ ದಿಕ್ಕಿನಲ್ಲಿ ಕಲಿತೆ, ನನ್ನ ಕೈಯ ದಿಕ್ಕು ಯಾವುದು ಅಂತ ನನಗೆ ಇನ್ನೂ ಗೊತ್ತಿಲ್ಲವಲ್ಲ, ನೋಡಿಯೇ ಬಿಡುತ್ತೇನೆ. ಸದ್ಯಕ್ಕೆ ಲೋಟಗಳೆಲ್ಲ ಕುಡುಕರ ಹಾಗೆ ವಾಲುತ್ತಿವೆ. ಅಮ್ಮ ಕಿಟಕಿಯಲ್ಲಿ ಕೂತು, "ಮಗಳು ಹೊಸದಾಗಿ ಕಲೀತಿದ್ದಾಳೆ, ಮುಂದಿನ ತಿಂಗಳು ಬನ್ನಿ" ಅಂತ ಬಂದವರಿಗೆಲ್ಲ ಹೇಳುತ್ತಿದ್ದಾಳೆ. ಇನ್ನು ಮೂತಿಯನ್ನು ಎಡಕ್ಕೆ ಓರೆ ಕತ್ತರಿಸಬೇಕು. ನೀವು ಬರೆದ ಮೊದಲ ಪತ್ರ ಈಗ ಉಪಯೋಗಕ್ಕೆ ಬಂತು ನೋಡಿ!

ನಿಮ್ಮ ತಿಗರಿಯನ್ನು ಒರೆಸಿ, ಹಳೆಯ ಕಂಬಳಿ ಸುತ್ತಿ ಇಟ್ಟಿದ್ದೇನೆ. ಲಾರಿಯವನನ್ನು ಗೊತ್ತು ಮಾಡಿದ್ದೆ. ಅಣ್ಣ ಅವನನ್ನು ವಾಪಸು ಕಳಿಸಿದ. "ಅವನಿಗೆ ಇದರ ಬೆಲೆ ಏನು ಗೊತ್ತು, ಎತ್ತಿ ಹಾಕ್ತಾನೆ. ನಾನೇ ತಗೊಂಡು ಹೋಗಿ ಬಾಗಿಲಲ್ಲಿ ಇಟ್ಟು ಬರ್ತೀನಿ" ಅಂದ. ಬಾಗಿಲಲ್ಲಿ ಇಟ್ಟು ಬರ್ತೀನಿ ಅಂತ ಮತ್ತೆ ಎರಡು ಸಲ ಹೇಳಿದ. ನಿಮ್ಮನ್ನು ಕೇಳದೆ ಒಪ್ಪಿಕೊಂಡಿದ್ದೇನೆ. ನಿಮಗೆ ಬೇಡವಾದರೆ ಬಾಗಿಲು ತೆಗೆಯಬೇಡಿ, ಅವನು ಇಟ್ಟು ಹೊರಡುತ್ತಾನೆ. ಬರುವುದು ಹದಿನೈದನೇ ತಾರೀಖು, ಭಾನುವಾರ.

ನಿಮ್ಮ ನಾದಿನಿ


ಜೂನ್ 15, ಭಾನುವಾರ

ಯಾಕಮ್ಮಾ,

ತಿಗರಿ ತಲುಪಿತು. ಎಲ್ಲೂ ಪೆಟ್ಟಾಗಿಲ್ಲ. ಬೆಳಕು ಚೆನ್ನಾಗಿ ಬರುವ ಕಿಟಕಿಯ ಕೆಳಗೆ ಇಡಿಸಿದ್ದೇನೆ.

ಬಾಗಿಲು ತೆಗೆದೆ. ಅವನು ಕಂಬಳಿ ಬಿಚ್ಚಿದ, ನಾನು ನೀರು ಕೊಟ್ಟೆ. ನೀನೂ ಅಮ್ಮನೂ ಹೇಗಿದ್ದೀರಿ ಅಂತ ಕೇಳಿದೆ, ಚೆನ್ನಾಗಿದ್ದಾರೆ ಅಂದ. ಹೊರಟು ಮೆಟ್ಟಿಲವರೆಗೆ ಹೋದವನು ವಾಪಸು ಬಂದು, "ಒಂದ್ಸಲ ಓಡಿಸಿ ನೋಡ್ಲಾ?" ಅಂದ. ನೋಡಿದರೆ ಇಲ್ಲಿಯ ಗೋಡೆಯ ಸಾಕೆಟ್ಟಿಗೆ ಅದರ ಪ್ಲಗ್ಗು ಹೊಂದುವುದಿಲ್ಲ. ಬೇರೆ ಪ್ಲಗ್ಗು ತರಲು ಬೀದಿ ಕೊನೆಯ ಅಂಗಡಿಗೆ ಹೋಗಿ ಬಂದು ನೆಲದ ಮೇಲೆ ಕೂತ. ಆಗ ಬೆಳಿಗ್ಗೆ. ಈಗ ಸಂಜೆಯ ದೀಪ ಹಾಕಿದ್ದೇನೆ, ಅವನು ಇನ್ನೂ ಸ್ಕ್ರೂ ಬಿಗಿಯುತ್ತಿದ್ದಾನೆ. ಬಿಗಿದದ್ದನ್ನು ಬಿಚ್ಚುತ್ತಾನೆ, ಮತ್ತೆ ಬಿಗಿಯುತ್ತಾನೆ.

ಪ್ಲಗ್ಗು ಬದಲಾಯಿಸಲು ಇಷ್ಟು ಹೊತ್ತು ಬೇಡ ಅಂತ ನನಗೂ ಗೊತ್ತು. ನಾನೂ ಏನೂ ಹೇಳಿಲ್ಲ, ಪಕ್ಕದಲ್ಲಿ ಕೂತು ನಿನಗೆ ಪತ್ರ ಬರೆಯುತ್ತಿದ್ದೇನೆ.

ಅತ್ತಿಗೆ